ಮೀಡ್‌ಗೆ (ಜೇನು ಹುದುಗಿಸಿ ಮಾಡೋ ಮದ್ಯ) ಕಡಿಮೆ ಬೆಲೆಯ ಒಳ್ಳೆ ಜೇನು ಎಲ್ಲಿ? ಮಾಡಿ ಗೊತ್ತಿರೋರು ಹೇಳಿ

ಮರಿಯೆಟ್ಟಾ ಮನೆ:
ಜಾರ್ಜಿಯಾದಲ್ಲಿದ್ದೀವಿ, ಅಟ್ಲಾಂಟಾ ಹತ್ತಿರ. ಒಂದು ಗ್ಯಾಲನ್ ಮೀಡ್ ಸರಿಯಾಗಿ ಬಂದಿದೆ, ಮುಂದಿನದು ಐದು ಗ್ಯಾಲನ್. 15 ಪೌಂಡ್ ಜೇನು ಬೇಕು. ಶನಿವಾರದ ಸಂತೆಯಲ್ಲಿ ಸೋರ್‌ವುಡ್ ಮರದ ಹೂವಿನ ಜೇನು ಪೌಂಡಿಗೆ 14 ಡಾಲರ್, ಅಂದ್ರೆ ಜೇನಿಗೇ 210. ಸೂಪರ್‌ಮಾರ್ಕೆಟ್ಟಿನದು ನಾಲ್ಕರ ಒಳಗೆ ಸಿಗುತ್ತೆ, ಆದ್ರೆ ನಂಬಿಕೆ ಇಲ್ಲ. ಹಣ್ಣು, ಮಸಾಲೆ ಏನೂ ಬೇಡ. ಜೇನು, ನೀರು, ಯೀಸ್ಟ್ ಅಷ್ಟೇ. ಜೇನಿನ ಖರ್ಚು 80 ಡಾಲರ್ ದಾಟಬಾರದು. ಯಾವುದು, ಎಲ್ಲಿಂದ?

ಬಕೆಟ್ ರಾಯ (ಓಹಾಯೋ):
ಪೌಂಡ್ ಲೆಕ್ಕದಲ್ಲಿ ಕೊಳ್ಳೋದು ಮೊದಲು ಬಿಡಿ. 60 ಪೌಂಡಿನ ಬಕೆಟ್ ತಗೊಳ್ಳಿ, 27 ಕಿಲೋ ಚಿಲ್ಲರೆ. ಸಂತೆಯ ಬೆಲೆಯಲ್ಲಿ ಬಾಟಲಿ, ಲೇಬಲ್ಲು, ಮಳಿಗೆ ಬಾಡಿಗೆ ಎಲ್ಲ ಸೇರಿರುತ್ತೆ. ಆಗಸ್ಟ್ ಕೊನೆಗೆ, ಜೇನು ತೆಗೆದು ಡ್ರಮ್ಮಿಗೆ ಸುರಿಯೋ ಹೊತ್ತಿಗೆ ಅದೇ ಜೇನುಗಾರರಿಗೆ ಫೋನ್ ಮಾಡಿ ಬಕೆಟ್ ರೇಟ್ ಕೇಳಿ, ಬೇರೆಯೇ ಬೆಲೆ ಬರುತ್ತೆ. ಇಲ್ಲಿಯ ಲೆಕ್ಕ: ಬಕೆಟ್ 215, ಖಾಲಿ ಬಕೆಟ್ ವಾಪಸ್ ಕೊಟ್ಟಿದ್ದಕ್ಕೆ 8 ಕಡಿತ, ಪೆಟ್ರೋಲ್ 14. ಒಟ್ಟು 221, ಪೌಂಡಿಗೆ 3.68. ನಿಮ್ಮ 15 ಪೌಂಡಿಗೆ 55 ಡಾಲರ್ 20 ಸೆಂಟ್.

ಆದ್ರೆ ತೇವಾಂಶ ನೋಡದೆ ದುಡ್ಡು ಕೊಡಬೇಡಿ. ಜೇನಿಗೇ ಅಂತ ಇರೋ ರಿಫ್ರಾಕ್ಟೋಮೀಟರ್, ಅಂದ್ರೆ ಒಂದು ಹನಿಯಲ್ಲಿ ಸಕ್ಕರೆ ಎಷ್ಟು, ನೀರೆಷ್ಟು ತೋರಿಸೋ ಉಪಕರಣ, 25 ಡಾಲರಿಗೆ ಸಿಗುತ್ತೆ, 58ರಿಂದ 90 ಬ್ರಿಕ್ಸ್‌ನದು (ಬ್ರಿಕ್ಸ್ ಅಂದ್ರೆ ಸಕ್ಕರೆಯ ಶೇಕಡಾ). ಬಿಯರಿನವರು ಇಟ್ಕೊಳ್ಳೋ 0–32 ಬ್ರಿಕ್ಸ್‌ನದು ಇಲ್ಲಿ ಕೆಲಸಕ್ಕೆ ಬರಲ್ಲ. ಅಮೆರಿಕದ ಎ ಗ್ರೇಡಿಗೆ ತೇವಾಂಶ 18.6 ಶೇಕಡಾ ದಾಟಬಾರದು. ಒಬ್ಬ ಪುಣ್ಯಾತ್ಮ ಜೇನುಗಾರ 21 ಶೇಕಡಾದ ಬಕೆಟ್ ದಾಟಿಸಿದ್ದ. 17ರದಕ್ಕೆ ಹೋಲಿಸಿದ್ರೆ ಅದರಲ್ಲಿ 2.4 ಪೌಂಡ್ ನೀರು ಜಾಸ್ತಿ, ಅಂದ್ರೆ 8 ಡಾಲರ್ 83 ಸೆಂಟ್ ಬರೀ ನೀರಿಗೆ. ಅದು ಹೋಗ್ಲಿ ಅಂದ್ರೆ, 20 ದಾಟಿದ ಜೇನು ಬಕೆಟ್ಟಲ್ಲೇ ಹುಳಿಯೋಕೆ ಶುರು. ಮುಚ್ಚಳ ಉಬ್ಬಿ, ಮೇಲೆ ನೊರೆ ಕಟ್ಟಿ, ಹುಳಿ ವಾಸನೆ.

ಹರಳುಗಟ್ಟಿದ ಬಕೆಟ್ ಬಗ್ಗೆ ಹೆದರಬೇಡಿ. ಆದ್ರೆ ಅರ್ಧ ಹರಳುಗಟ್ಟಿದ್ರೆ ಮೇಲಿನ ತೆಳು ಪದರ ಮಾತ್ರ ಮೊಗೆದುಕೊಳ್ಳಬೇಡಿ. ಹರಳು ಕೆಳಗಿಳಿದು ನೀರಿನ ಅಂಶವೆಲ್ಲ ಮೇಲೆ ಸೇರಿರುತ್ತೆ. 40–45 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ದಿನ ಇಟ್ಟು, ಇಡೀ ಬಕೆಟ್ ಕಲಕಿ, ಆಮೇಲೆ ತೂಗಿ. ಬಕೆಟ್ಟಿಗೆ ಸುತ್ತೋ ಹೀಟರ್ ಬೆಲ್ಟನ್ನ ಥರ್ಮೋಸ್ಟಾಟ್ ಇಲ್ಲದೆ ಹಾಕಿದ್ರೆ ಬದಿಯ ಜೇನು ಸುಡುತ್ತೆ, ನಡುವೆ ಕಲ್ಲು ಹಾಗೇ ಇರುತ್ತೆ.

ಹ್ಯೂಸ್ಟನ್ ಹುಬ್ಬಳ್ಳಿ:
ಐವತ್ತೈದು ಡಾಲರಾ? ಭಾಳ ಆತ್ರಿ. ಇಲ್ಲಿ ಗಲ್ಫ್ ಕರಾವಳಿ ತುಂಬ ಟ್ಯಾಲೋ ಮರ ಐತಿ, ಚೀನಾದಿಂದ ಬಂದು ಕಳೆಯಾಗಿ ಹಬ್ಬಿದ್ದು. ಅದರ ಜೇನು ಬಾಟಲಿ ತುಂಬವರಿಗೆ ಬ್ಯಾಡ, ಬೇಕರಿಗೆ ಹೊಕ್ಕೈತಿ. ಪೌಂಡಿಗೆ 2.40ರಂಗ ಸಿಗತೈತಿ. 15 ಪೌಂಡಿಗೆ 36 ಡಾಲರ್, ಮುಗೀತು.

ಅದನ್ನ ಹಂಗ ಹುದುಗಿಸಿದ್ರ ರುಚಿ ಒರಟು. ಬೋಶೆ ಮಾಡ್ರಿ, ಅಂದ್ರ ಜೇನು ಕಾಸಿ ಕ್ಯಾರಮೆಲ್ ಮಾಡಿ ಹುದುಗಿಸೋದು. 20 ಲೀಟರ್ ಪಾತ್ರಿಗೆ ಐದು ಪೌಂಡ್ ಮಾತ್ರ, ಅದಕ್ಕಿಂತ ಹೆಚ್ಚು ಹಾಕಬ್ಯಾಡ್ರಿ. ಕುದಿ ಬಂದಾಗ ಮೂರು ನಾಲ್ಕು ಪಟ್ಟು ಉಕ್ಕತೈತಿ. ಬಿಳಿ ತಟ್ಟಿ ಮ್ಯಾಲ ಹನಿ ಹಾಕಿ ಬಣ್ಣ ನೋಡ್ಕೊಂತ ಹೋಗ್ರಿ. ತಾಮ್ರದ ಬಣ್ಣಕ್ಕ ಟಾಫಿ ರುಚಿ, ಕಾಫಿ ಬಣ್ಣ ದಾಟಿದ್ರ ಬರೀ ಕಹಿ. ಒಲಿ ಆರಿಸಿದ ಮ್ಯಾಲ ನೀರು ಬೆರಸೂಮುಂದ ಕುದಿಯೋ ನೀರನ್ನ, ಸಣ್ಣ ಧಾರಿಲೆ, ಉದ್ದ ಕೈಗವಸು ಹಾಕ್ಕೊಂಡು ಸುರೀಬೇಕು. ತಣ್ಣೀರು ಹಾಕಿದ್ರ ಸಿಡಿದು ಮುಖಕ್ಕ ಬರತೈತಿ. ಕಾಸಿದಾಗ ಸ್ವಲ್ಪ ಸಕ್ಕರಿ ಯೀಸ್ಟಿಗೆ ಸಿಗದಂಗ ಆಗತೈತಿ, ಅದಕ್ಕ ಗ್ರಾವಿಟಿ (ನೀರಿಗೆ ಹೋಲಿಸಿದ್ರ ರಸದ ಸಾಂದ್ರತಿ, ಸಕ್ಕರಿ ಎಷ್ಟು ಉಳಿದೈತಿ ಅಂತ ಹೇಳೋದು) 1.000ಕ್ಕ ಇಳೀಲಿಲ್ಲಂತ ಗಾಬರಿ ಬಿದ್ದು ಮತ್ತ ಯೀಸ್ಟ್ ಹಾಕವರು ದುಡ್ಡು ಹಾಳು ಮಾಡ್ಕೊಂತಾರ.

ಬಕೆಟ್ ರಾಯ:
ಅವರು ಕೇಳಿದ್ದು ಬರೀ ಜೇನಿನ ಮೀಡ್. ನೀವು ಹೇಳ್ತಿರೋದು ಸುಟ್ಟ ಜೇನು. ಕುದಿಸಿದ ಮೇಲೆ ಸೋರ್‌ವುಡ್ಡಾದರೇನು, ಬೇಕರಿಯದಾದರೇನು?

ಹ್ಯೂಸ್ಟನ್ ಹುಬ್ಬಳ್ಳಿ:
ಅದನ್ನ ಹೇಳಾಕತ್ತೀನ್ರಿ! ರೊಕ್ಕ ಉಳೀಬೇಕಂದ್ರ ಅಗ್ಗದ ಜೇನು ಚಲೋ ಆಗೋ ಮೀಡ್ ಮಾಡ್ರಿ ಅಂತ. ನಿಮ್ಮ ಬಕೆಟ್ಟಿನಾಗ ಉಳಿದ 45 ಪೌಂಡ್ ಯಾರು ನೆಕ್ಕವರು? 221 ಒಂದೇ ಸಲ ಕೊಡಬೇಕಲ್ಲ, ಅದನ್ನ್ಯಾಕ ಹೇಳವಲ್ಲಿರಿ?

ಲೀಡ್ಸ್ ಲಲಿತೆ:
ಇಬ್ಬರೂ ಅಮೆರಿಕದ ಭಾಗ್ಯವಂತರು. ಇಂಗ್ಲೆಂಡಿನಲ್ಲಿ ಜೇನುಗಾರರ ಬಕೆಟ್ 30 ಪೌಂಡಿನದು, 13.6 ಕಿಲೋ. ಎಣ್ಣೆ ಸಾಸಿವೆ ಹೂವಿನ ಜೇನು, ಅಂದರೆ ಆಯಿಲ್‌ಸೀಡ್ ರೇಪ್, ಎಲ್ಲಕ್ಕಿಂತ ಅಗ್ಗ. ಆದರೂ ಬಕೆಟ್ಟಿಗೆ 120 ಪೌಂಡ್ ಸ್ಟರ್ಲಿಂಗ್ ಆಸುಪಾಸು, ಕಿಲೋಗೆ 8.80. ತೆಗೆದ ಕೆಲವೇ ವಾರಗಳಲ್ಲಿ ಬೆಳ್ಳಗೆ ಗಟ್ಟಿಯಾಗುತ್ತದೆ, ಚಮಚ ಬಾಗುವಷ್ಟು. ಪರಿಮಳ ಕಡಿಮೆ, ಬರೀ ಜೇನಿನ ಮೀಡ್‌ಗೆ ಸಪ್ಪೆ, ಬ್ಲ್ಯಾಕ್‌ಬೆರಿ ಜೊತೆ ಚೆನ್ನ. ಹೆದರ್ ಜೇನು ಪರಿಮಳದ ರಾಜ. ಆದರೆ ಜೆಲ್ಲಿಯ ಹಾಗೆ ಕೂತಿರುತ್ತದೆ, ಕಲಕಿದರೆ ಮಾತ್ರ ಹರಿಯುತ್ತದೆ, ಬೆಲೆ ಕೇಳಿದರೆ ಬಾಯಿ ಒಣಗುತ್ತದೆ.

ಸೂಪರ್‌ಮಾರ್ಕೆಟ್ಟಿನ ‘ಹಲವು ದೇಶಗಳ ಮಿಶ್ರಣ’ ಎಂದು ಬರೆದ ಅಗ್ಗದ ಬಾಟಲಿ ಮುಟ್ಟಬೇಡಿ. ಆಮದು ಜೇನಿನ 320 ಮಾದರಿ ಪರೀಕ್ಷಿಸಿ ಯುರೋಪಿಯನ್ ಒಕ್ಕೂಟ 2023ರಲ್ಲಿ ವರದಿ ಪ್ರಕಟಿಸಿತು, 147ರಲ್ಲಿ ಸಕ್ಕರೆ ಪಾಕದ ಸಂಶಯ. ಬ್ರಿಟನ್ ಮೂಲಕ ಬಂದ ಹತ್ತಕ್ಕೆ ಹತ್ತೂ ಸಂಶಯದವು. ಹೆಬ್ಬೆರಳಿನ ಮೇಲೆ ಹನಿ ನಿಲ್ಲಿಸೋದು, ನೀರಿಗೆ ಬಿಟ್ಟು ನೋಡೋದು, ಬೆಂಕಿಕಡ್ಡಿ ಅದ್ದಿ ಗೀರೋದು ಯಾವುದೂ ಇಲ್ಲಿ ನಡೆಯಲ್ಲ. ಅವು ದಪ್ಪ-ತೆಳು, ತೇವ ಹೇಳುತ್ತವೆ, ಪಾಕ ಬೆರೆತಿದೆಯೋ ಇಲ್ಲವೋ ಹೇಳುವುದಿಲ್ಲ. ರಿಫ್ರಾಕ್ಟೋಮೀಟರೂ ಅಷ್ಟೇ ರಾಯರೇ, 82 ಬ್ರಿಕ್ಸ್‌ನ ಅಕ್ಕಿ ಪಾಕ ನಿಮ್ಮ ಉಪಕರಣಕ್ಕೆ ಜೇನೇ.

ಬಕೆಟ್ ರಾಯ:
ಪೆಟ್ಟಿಗೆ ಕಣ್ಣಿಗೆ ಕಾಣೋ ತೋಟದಿಂದ ತರೋರಿಗೆ ಅಕ್ಕಿ ಪಾಕದ ಪಾಠ ಬೇಡ ಮೇಡಂ.

ಪುತ್ತೂರು ಪೆಟ್ಟಿಗೆ:
ಎಂತ ಮಾರಾಯ್ರೆ, ಇಷ್ಟು ಜನ ಉಂಟು, ತುಡುವೆ ತುಪ್ಪದ, ಅಂದ್ರೆ ನಮ್ಮ ನಾಡಿನ ಪೆಟ್ಟಿಗೆ ಹುಳದ ಜೇನಿನ ಹೆಸರು ಒಬ್ಬರೂ ಎತ್ತಲಿಲ್ಲ. ಅಲ್ಲಿಯದೆಲ್ಲ ಮೆಲ್ಲಿಫೆರಾ ಹುಳದ್ದು, ಯುರೋಪಿನ ಜಾತಿ. ನಮ್ಮ ತುಡುವೆಯ ಪರಿಮಳ ಬೇರೆಯೇ. ಊರಲ್ಲಿ ಕಿಲೋಗೆ 500–600 ರೂಪಾಯಿ, ಪರಿಚಯದವರಾದರೆ ಇನ್ನೂ ಕಡಿಮೆ. ಜನವರಿಯಿಂದ ಮಾರ್ಚ್‌ವರೆಗೆ ರಬ್ಬರ್ ತುಪ್ಪ ಬರ್ತದೆ, ಅದು ಹೂವಿನದ್ದಲ್ಲ, ಚಿಗುರೆಲೆಯ ತೊಟ್ಟಿನ ರಸ. ತೆಳು, ಬೇಗ ಹರಳುಗಟ್ತದೆ, ರೇಟ್ ಕಡಿಮೆ. ಇಲ್ಲಿ ಐದು ಲೀಟರ್ ಮಾಡ್ಲಿಕ್ಕೆ ಯಾವುದು ಆದೀತು?

ಬಕೆಟ್ ರಾಯ:
ತುಡುವೆ ಜೇನಿನ ತೇವಾಂಶ ಎಷ್ಟು ಅಂತ ಮೊದಲು ಹೇಳಿ. 22? 23? ನಮ್ಮಲ್ಲಿ ಅದಕ್ಕೆ ಗಿರಾಕಿ ಇಲ್ಲ.

ಪುತ್ತೂರು ಪೆಟ್ಟಿಗೆ:
ಹೇಗಿದ್ರೂ ನೀರು ಹಾಕಿ ಕಲಸುವ ತುಪ್ಪಕ್ಕೆ ತೇವಾಂಶದ ಜಾತಕ ಯಾಕೆ? ಪೂರ್ತಿ ಮೇಣ ಮುಚ್ಚಿದ ಎರಿ ಮಾತ್ರ ತೆಗೆದರೆ 20ರ ಹತ್ತಿರ ಬರ್ತದೆ. ಅವಸರದಲ್ಲಿ ಅರ್ಧ ಮುಚ್ಚಿದ್ದು ತಿರುಗಿಸಿ ತೆಗೆಯುವವರಿಂದ ಹೆಸರು ಹಾಳು. ತಂದ ವಾರದಲ್ಲೇ ಮೀಡ್‌ಗೆ ಹಾಕಿದ್ರೆ 22 ಇದ್ದರೂ ತೊಂದರೆ ಎಂತದ್ದೂ ಇಲ್ಲ, ಗ್ರಾವಿಟಿ ನೋಡಿ ಒಂದು ಹಿಡಿ ಜಾಸ್ತಿ ಹಾಕಿದರಾಯಿತು. ಇಟ್ಟುಕೊಳ್ಳುವವರಿಗೆ ಮಾತ್ರ ಆ ತಲೆಬಿಸಿ. ನೀವು 45 ಪೌಂಡ್ ಪೇರಿಸಿ ಇಟ್ಟದ್ದಕ್ಕೆ ನಿಮಗೆ ಉಂಟು.

ಲೀಡ್ಸ್ ಲಲಿತೆ:
ಪುತ್ತೂರಿನವರೇ, ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಇದೆ, ಪರವಾನಗಿ ಇಲ್ಲದೆ ಮನೆಯಲ್ಲಿ ಮದ್ಯ ಮಾಡುವ ಹಾಗಿಲ್ಲ. ಜೇನಿನದ್ದಾದರೂ ಅದೇ. ಇಲ್ಲಿ ಮಾರದೆ ಸ್ವಂತಕ್ಕೆ ಮಾಡಿಕೊಳ್ಳಬಹುದು.

ಪುತ್ತೂರು ಪೆಟ್ಟಿಗೆ:
ಗೊತ್ತುಂಟು. ಕೇಳಿದ್ದಕ್ಕೆ ಕೇಸು ಹಾಕ್ತಾರಾ?

ಅಗಸ್ಟಾ ಆಚಾರ್:
ಜಾರ್ಜಿಯಾದಲ್ಲೇ ಇರೋರು ಯಾರೂ ಬಾಯಿ ಬಿಡಲಿಲ್ಲ ಅಂತ ಬರೀತಿದೀನಿ. ಕಾನೂನು ಬಂತಲ್ಲ, ಅದನ್ನ ಮುಗಿಸೋಣ: ಅಮೆರಿಕದ ಫೆಡರಲ್ ನಿಯಮದಲ್ಲಿ ಒಬ್ಬರೇ ವಯಸ್ಕರಿರೋ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚಿದ್ರೆ 200. ಮಾರೋ ಹಾಗಿಲ್ಲ, ಬಟ್ಟಿ ಇಳಿಸೋ ಹಾಗಿಲ್ಲ.

ಸೋರ್‌ವುಡ್ಡನ್ನ 15 ಪೌಂಡ್ ಹುದುಗಿಸೋದು ದುಡ್ಡನ್ನ ಗಾಳಿಗೆ ತೂರೋ ಕೆಲಸ. ಹುದುಗುವಾಗ ಹೊರಡೋ ಇಂಗಾಲದ ಡೈಆಕ್ಸೈಡ್ ಹೂವಿನ ಪರಿಮಳವನ್ನೂ ಏರ್‌ಲಾಕಿಂದ (ಗ್ಯಾಸ್ ಹೊರಗೆ ಬಿಟ್ಟು ಗಾಳಿ ಒಳಗೆ ಬಿಡದ ಮುಚ್ಚಳ) ಹೊರಗೆ ಹೊತ್ಕೊಂಡು ಹೋಗುತ್ತೆ. ರೂಮೆಲ್ಲ ಘಮ ಘಮ ಅಂದ್ರೆ ಬಾಟಲಿಯಲ್ಲಿ ಅಷ್ಟು ಕಮ್ಮಿ. ಅದಕ್ಕೇ ಅಗ್ಗದ್ದು ಮೊದಲು, ದುಬಾರಿಯದು ಕೊನೆಗೆ. ಜಾರ್ಜಿಯಾದ ದಕ್ಷಿಣದಲ್ಲಿ ಗಾಲ್‌ಬೆರಿ ಅನ್ನೋ ಪೊದೆಯ ಹೂವಿನ ಜೇನು ಹೇರಳ, ಹರಳುಗಟ್ಟೋದು ನಿಧಾನ, ರುಚಿ ಸೌಮ್ಯ. ಬಕೆಟ್ ಪೂರ್ತಿ ಬೇಕಿಲ್ಲ, 12 ಪೌಂಡಿನ ಒಂದು ಗ್ಯಾಲನ್ ಜಾಡಿಯಲ್ಲಿ ಕೊಡ್ತಾರೆ. ಪೌಂಡಿಗೆ 3.50 ಹಿಡಿದ್ರೆ 42 ಡಾಲರ್. ಸಂತೆಯ ಸೋರ್‌ವುಡ್ ಎರಡೂವರೆ ಪೌಂಡ್, 35. ಒಟ್ಟು 77.

12 ಪೌಂಡ್ ಜೇನಿಗೆ ನೀರು ಸೇರಿಸಿ ಒಟ್ಟು ಐದು ಗ್ಯಾಲನ್ ಮಾಡಿ. ಐದು ಗ್ಯಾಲನ್ ನೀರಿಗೆ ಜೇನು ಸೇರಿಸೋದಲ್ಲ. ಹಾಗೆ ಮಾಡಿದ್ರೆ ಆರು ಗ್ಯಾಲನ್ ಆಗಿ ತೆಳುವಾಗುತ್ತೆ. ಗ್ರಾವಿಟಿ 1.084ರ ಹತ್ತಿರ ಬರುತ್ತೆ, ಪೂರ್ತಿ ಇಳಿದ್ರೆ ಆಲ್ಕೋಹಾಲ್ 11 ಶೇಕಡಾ. 71ಬಿ ಯೀಸ್ಟ್ 10 ಗ್ರಾಂ, ಅಂದ್ರೆ ಎರಡು ಪ್ಯಾಕೆಟ್. ಜೇನಲ್ಲಿ ಸಾರಜನಕ ಇಲ್ಲವೇ ಇಲ್ಲ ಅನ್ನಬಹುದು, ಆದ್ದರಿಂದ ಫರ್ಮೇಡ್ ಓ ಅನ್ನೋ ಯೀಸ್ಟ್ ಆಹಾರದ ಪುಡಿ ಸುಮಾರು 16 ಗ್ರಾಂ, ನಾಲ್ಕು ಭಾಗ ಮಾಡಿ. 24, 48, 72 ಗಂಟೆಗೆ ಒಂದೊಂದು, ಸಕ್ಕರೆ ಮೂರನೇ ಒಂದು ಭಾಗ ಇಳಿದಾಗ ಕೊನೆಯದು. ಪುಡಿ ಹಾಕೋಕೆ ಮೊದಲು ಮೆಲ್ಲಗೆ ಕಲಕಿ ಗ್ಯಾಸ್ ಬಿಡಿಸಿ, ಪುಡಿಯನ್ನ ಒಂದು ಲೋಟ ನೀರಲ್ಲಿ ಕದಡಿ ಹಾಕಿ. ಒಣ ಪುಡಿ ಸುರಿದ್ರೆ ನೊರೆ ಚಾವಣಿಗೆ.

ಗ್ರಾವಿಟಿ ನಿಂತು, ತಿಳಿಯಾಗಿ, ಬೇರೆ ಪಾತ್ರೆಗೆ ಇಳಿಸಿದ ಮೇಲೆ ಐದು ಕ್ಯಾಂಪ್‌ಡೆನ್ ಮಾತ್ರೆ (ಬ್ಯಾಕ್ಟೀರಿಯಾ ತಡೆಯೋ ಸಲ್ಫೈಟ್) ಪುಡಿ ಮಾಡಿ ಹಾಕಿ, ಯೀಸ್ಟ್ ಮತ್ತೆ ಬೆಳೆಯದ ಹಾಗೆ ಪೊಟ್ಯಾಸಿಯಂ ಸಾರ್ಬೇಟ್ ಎರಡೂವರೆ ಟೀ ಚಮಚ. ಎರಡೂ ಬೇಕು. ಸಾರ್ಬೇಟ್ ಒಂದನ್ನೇ ಹಾಕಿ ಬ್ಯಾಕ್ಟೀರಿಯಾ ಸೇರ್ಕೊಂಡ್ರೆ ಜೆರೇನಿಯಂ ಎಲೆ ಹಿಸುಕಿದ ವಾಸನೆ ಬರುತ್ತೆ, ಅದಕ್ಕೆ ಔಷಧಿ ಇಲ್ಲ. ಒಂದು ದಿನ ಬಿಟ್ಟು ಸೋರ್‌ವುಡ್ ಬೆರೆಸಿ. ಗ್ರಾವಿಟಿ 17 ಅಂಕ, ಅಂದ್ರೆ 0.017 ಏರುತ್ತೆ. ಸಾರ್ಬೇಟ್ ಬಿಟ್ಟು ಜೇನು ಹಾಕಿದ್ರೆ 71ಬಿ 14 ಶೇಕಡಾವರೆಗೂ ತಿನ್ನುತ್ತೆ, ಬಾಟಲಿ ಸಿಡಿಯುತ್ತೆ.

ಬಕೆಟ್ ರಾಯ:
ಅಗ್ಗದ ಮೀಡ್ ಮಾಡಿ ಮೇಲೆ ದುಬಾರಿ ಜೇನು ಸವರೋದು. ಲೇಬಲ್ಲಲ್ಲಿ ಸೋರ್‌ವುಡ್ ಮೀಡ್ ಅಂತ ಬರೀತೀರಾ?

ಅಗಸ್ಟಾ ಆಚಾರ್:
ಮಾರೋ ಹಾಗಿಲ್ಲ ಅಂದ ಮೇಲೆ ಲೇಬಲ್ ಓದೋರು ಯಾರು ಸ್ವಾಮಿ?

ಲೀಡ್ಸ್ ಲಲಿತೆ:
ಸಿಹಿ ಬೇಡ, ಒಣ ಮೀಡೇ ಬೇಕು ಅನ್ನುವವರಿಗೆ ಆಚಾರರ ದಾರಿ ನಡೆಯಲ್ಲ. ಪ್ರಶ್ನೆ ಕೇಳಿದವರು ಸಿಹಿಯೋ ಒಣವೋ ಹೇಳಿಯೇ ಇಲ್ಲ.

ಮರಿಯೆಟ್ಟಾ ಮನೆ:
ಅರೆ ಸಿಹಿ. ಆಚಾರ್ ಸರ್, ಗಾಲ್‌ಬೆರಿ ಸಿಗದಿದ್ರೆ?

ಅಗಸ್ಟಾ ಆಚಾರ್:
ಜೇನುಗಾರರ ಹತ್ತಿರ ಎರಿಯಿಂದ ಕೊಯ್ದ ಮೇಣದ ಮುಚ್ಚಳ ಕೇಳಿ. ಎಷ್ಟು ಸೋಸಿದ್ರೂ ಅದರಲ್ಲಿ ಜೇನು ಉಳಿದಿರುತ್ತೆ, ಚಿಕ್ಕ ತೋಟದವರು ಎಷ್ಟೋ ಸಲ ಪುಕ್ಕಟೆ ಕೊಡ್ತಾರೆ. 40 ಡಿಗ್ರಿ ನೀರಲ್ಲಿ ಮೇಣ ಮುಳುಗೋಷ್ಟು ಹಾಕಿ, ಕೈಯಲ್ಲಿ ಹಿಸುಕಿ, ಬಟ್ಟೇಲಿ ಸೋಸಿ, ಗ್ರಾವಿಟಿ ಅಳೆಯೋ ಹೈಡ್ರೋಮೀಟರ್ ಬಿಡಿ. 1.084 ಬರೋವರೆಗೂ ಅದೇ ನೀರಿಗೆ ಹೊಸ ಮೇಣ ಹಾಕ್ತಾ ಹೋಗಿ. ನೀರು 60 ದಾಟಿದ್ರೆ ಮೇಣ ಕರಗೋಕೆ ಶುರು, ಪಾತ್ರೆ ತೊಳೆಯೋಕೆ ಆಗಲ್ಲ. ತೊಳೆದ ನೀರನ್ನ ರಾತ್ರಿ ಹಾಗೇ ಬಿಡಬೇಡಿ, ಅವತ್ತೇ ಯೀಸ್ಟ್ ಹಾಕಿ.

ಹ್ಯೂಸ್ಟನ್ ಹುಬ್ಬಳ್ಳಿ:
ಮೇಣ ವಾಪಸ್ ಕೇಳ್ತಾರ್ರಿ ಮತ್ತ. ತೊಳದ ಮ್ಯಾಲ ಒಣಗಿಸಿ ಕೊಡ್ರಿ, ಇಲ್ಲಂದ್ರ ಮುಂದಿನ ವರ್ಷ ಫೋನ್ ಎತ್ತಂಗಿಲ್ಲ. ಬೋಶೆಗೂ ಆ ನೀರು ನಡೀತೈತಿ, ನೀರಿನ ಬದ್ಲಿ ಅದನ್ನ ಹಾಕ್ರಿ.

ಬಕೆಟ್ ರಾಯ:
ಮತ್ತೆ ಬೋಶೆಗೆ ಬಂದ್ರಾ?