ಫಾರಿನ್ನಾಗ ಅಷ್ಟು ಮಂದಿ ಡಿಪ್ರೆಶನ್ ಗುಳಿಗಿ ತಗೋತಾರ, ನಮ್ಮಲ್ಲಿ ಯಾಕಿಲ್ಲ?

ಪ್ರಶ್ನೆ (ಸಿಂಧನೂರು):
ಮೇಡಂ ನಮಸ್ಕಾರ್ರೀ. ನಮ್ಮವ್ವಗ 58 ವರ್ಷ, ಹೋದ ವರ್ಷ ಅಪ್ಪ ತೀರಿಕೊಂಡ ಮ್ಯಾಲೆ ನಿದ್ದಿ ಇಲ್ಲ ಊಟ ಇಲ್ಲ, ಮೈಯೆಲ್ಲಾ ಉರಿ ಅಂತ ಒಂದೇ ಸಮ ಅನ್ನಾಕಿ. ಕಡೀಗೆ ರಾಯಚೂರಾಗ ತೋರಿಸಿದ್ವಿ, ಎಸಿಟಲೋಪ್ರಾಮ್ 10 ಅನ್ನೋ ಡಿಪ್ರೆಶನ್ ಗುಳಿಗಿ ಬರೆದ್ರು, ಎರಡು ತಿಂಗಳಾತು, ಈಗ ತಾನೇ ಕುಂತು ರೊಟ್ಟಿ ಬಡಿಯಾಕತ್ಯಾಳ. ಆದ್ರ ಲಂಡನ್ನಾಗಿರೋ ಸೋದರಮಾವ ಫೋನ್ ಮಾಡಿ, ಇಲ್ಲಿ ನಮ್ಮ ಆಫೀಸಿನಾಗ ಬಾಳ ಮಂದಿ ಇದನ್ನ ತಗೋತಾರ, ಇದು ಶ್ರೀಮಂತ ದೇಶದ ಚಟ, ಅಕ್ಕಗ ಬಿಡಿಸಿಬಿಡು ಅಂದ್ರು. ನಮ್ಮೂರಾಗ ತಗೊಳ್ಳೋರು ನನಗ ಒಬ್ರೂ ಗೊತ್ತಿಲ್ಲ. ಅಲ್ಲಿಯವರಿಗೆ ದುಃಖ ಜಾಸ್ತಿ ಏನ್ರೀ? ನಿಲ್ಲಿಸಲಾ?

ಉತ್ತರ (ಮನೋವೈದ್ಯೆ, ಬಳ್ಳಾರಿ):
ನಿಲ್ಲಿಸಬ್ಯಾಡಪ್ಪಾ, ಅದನ್ನ ಮೊದ್ಲು ಹೇಳಿಬಿಡ್ತೀನಿ. ಆರಾಮಾದ ಮ್ಯಾಲೂ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಮುಂದುವರಿಸಬೇಕು. ತಟ್ಟನೆ ಬಿಟ್ರೆ ತಲೆ ತಿರುಗೋದು, ತಲೆಯೊಳಗ ಕರೆಂಟ್ ಹೊಡೆದಂಗ ಆಗೋದು, ನಿದ್ದಿ ಕೆಡೋದು ಆಗ್ಬಹುದು. ಬರೆದ ಡಾಕ್ಟರೇ ನಿಧಾನಕ್ಕ ಇಳಿಸಬೇಕು.

ಇನ್ನ ದೇಶದ ಮಾತು. ಓಇಸಿಡಿ ಅಂದ್ರ ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟ, ಅದರ ಲೆಕ್ಕದಾಗ ಎಲ್ಲರಿಗಿಂತ ಮುಂದ ಐಸ್‌ಲ್ಯಾಂಡ್, 2020ರ ಸುಮಾರಿಗೆ 1000 ಜನಕ್ಕೆ ದಿನಕ್ಕೆ ಸುಮಾರು 150 ಡೋಸ್, ಅದೇ ಲಾಟ್ವಿಯಾದಾಗ 20ರ ಆಸುಪಾಸು. ಐಸ್‌ಲ್ಯಾಂಡಿನಾಗ ಚಳಿಗಾಲ ಬಂದ್ರೆ ಬಿಸಿಲು ಬಾಳ ಕಮ್ಮಿ, ಅದಕ್ಕೇ ಹಂಗ ಅಂತ ಸುಮಾರು ಮಂದಿ ಅಂತಾರ, ಆದ್ರ ಚಲೋ ಬಿಸಿಲು ಬೀಳೋ ಪೋರ್ಚುಗಲ್ ಕೂಡ ಮೇಲಿನ ಸಾಲಿನಾಗೇ ಐತಿ. ದಕ್ಷಿಣ ಕೊರಿಯಾ ನೋಡ್ರಿ, ಓಇಸಿಡಿ ದೇಶಗಳಾಗ ಆತ್ಮಹತ್ಯೆ ಅತಿ ಹೆಚ್ಚು ಇರೋದು ಅಲ್ಲೇ, ಗುಳಿಗಿ ಮಾತ್ರ ಬಾಳ ಕಮ್ಮಿ! ಅಲ್ಲಿ 2002ರಿಂದ 2022ರ ತನಕ ಮನೋವೈದ್ಯರಲ್ಲದ ಡಾಕ್ಟರು ಎಸಿಟಲೋಪ್ರಾಮ್ ತರದ ಹೊಸ ಗುಳಿಗಿನ 60 ದಿನಕ್ಕಿಂತ ಹೆಚ್ಚು ಬರೀಬಾರದು ಅಂತ ರೂಲ್ ಇತ್ತು. ನಿಮ್ಮ ಮಾವನ ಊರಾಗ ಮನಿ ಡಾಕ್ಟರೇ ಬರೀತಾರ. ಅಮೆರಿಕದಾಗ ಟಿವಿಯೊಳಗ ಜಾಹೀರಾತೂ ಬರ್ತದ, ಚೀಟಿ ಮ್ಯಾಲೆ ಕೊಡೋ ಔಷಧಿಗೆ ಜನಕ್ಕ ನೇರ ಜಾಹೀರಾತು ಬಿಡೋದು ಅಮೆರಿಕ, ನ್ಯೂಜಿಲ್ಯಾಂಡ್ ಎರಡೇ. ಮ್ಯಾಲೆ ಡಿಪ್ರೆಶನ್ ಗುಳಿಗಿಗಳಾಗ ಕೆಲವನ್ನ ಗಾಬರಿ ಕಾಯಿಲೆಗೆ, ನರದ ನೋವಿಗೆ, ಮೈಗ್ರೇನ್‌ಗೂ ಕೊಡ್ತೀವಿ. ಹಿಂಗಾಗಿ ಎಷ್ಟು ಗುಳಿಗಿ ಖರ್ಚಾತು ಅನ್ನೋದ್ರಿಂದ ಎಷ್ಟು ಮಂದಿ ದುಃಖದಾಗಿದ್ದಾರ ಅಂತ ಹೇಳಾಕ ಬರಲ್ಲ, ಡಾಕ್ಟರ ಬಾಗಿಲು ಎಷ್ಟು ಹತ್ರ ಐತಿ, ಯಾರು ಬರೀಬಹುದು ಅಷ್ಟು ಗೊತ್ತಾಗ್ತದ.

ನಮ್ಮ ಕಡೆ ಕಾಯಿಲೆ ಇಲ್ಲಂತಲ್ಲ. 2015-16ರ ರಾಷ್ಟ್ರೀಯ ಸರ್ವೆಯಾಗ ಡಿಪ್ರೆಶನ್ ಇದ್ದ 100 ಮಂದಿಯಾಗ ಸುಮಾರು 85 ಮಂದಿಗೆ ಚಿಕಿತ್ಸೆನೇ ಸಿಕ್ಕಿರಲಿಲ್ಲ. ಓಪಿಡಿಗೆ ಬರೋ ಹೆಣ್ಣುಮಕ್ಕಳು "ಮನಸಿಗೆ ಬ್ಯಾಸರ" ಅಂತ ಶುರು ಮಾಡೋದೇ ಇಲ್ಲ, ನೆತ್ತಿ ಉರಿ, ಎದಿ ಝಲ್ ಅಂತದ, ಕೈಕಾಲು ಸೆಳೆತ ಅಂತಾರ. ಸಿರುಗುಪ್ಪ ಕಡೆ ಒಬ್ಬಾಕಿ ಬಂದಿದ್ಲು, ಮೂರು ವರ್ಷ ಊರಿನ, ಡಿಗ್ರಿ ಇಲ್ಲದೆ ಡಾಕ್ಟರಕಿ ಮಾಡೋ ಆರ್‌ಎಂಪಿ ಹತ್ರ ಗ್ಲೂಕೋಸ್ ಏರಿಸಿಕೊಂಡು ಮುಂಗೈ ತುಂಬ ಸೂಜಿ ಕಲೆ, ಚೀಲದಾಗ ಬಿ ಕಾಂಪ್ಲೆಕ್ಸ್ ಶೀಟು. ಅಳು ಬರ್ತದೇನವ್ವಾ ಅಂತ ಕೇಳಿದ್ದಕ್ಕ ಸೆರಗು ಬಾಯಿಗೆ ಒತ್ತಿಕೊಂಡ್ಲು, ಅಲ್ಲಿತನಕ ಯಾರೂ ಕೇಳೇ ಇರಲಿಲ್ಲ. ನನಗ ಇದೇ ಹೊಟ್ಟಿ ಉರಿಸೋದು, ಯಾಕಂದ್ರ 1985ರಿಂದ 90ರ ತನಕ ನಿಮ್ಹಾನ್ಸ್‌ನವರು ಪಿಎಚ್‌ಸಿ ಡಾಕ್ಟರಿಗೆ ತರಬೇತಿ ಕೊಟ್ಟು ಹಳ್ಳಿಯಾಗೇ ಚಿಕಿತ್ಸೆ ಕೊಡಬಹುದು ಅಂತ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಾಗ, 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕ ಮಾದರಿನೂ ಅದೇ.

ಕಾಮೆಂಟ್ (ಗಂಗಾವತಿ):
ಮೇಡಂ ನಂದು ಮೆಡಿಕಲ್ ಶಾಪ್. ಹಳೇ ಚೀಟಿ ತಂದು "ನಿದ್ದಿ ಗುಳಿಗಿ ಕೊಡ್ರಿ" ಅಂತ ಅಲ್ಪ್ರಾಜೋಲಾಮ್ ಕೇಳೋರು ಬಾಳ. ಇದೂ ಅದೇ ಏನು?

ಉತ್ತರ:
ಅಲ್ಲ, ಬ್ಯಾರೆ. ಚಟ ಹಿಡಿಸೋದು ಅಲ್ಪ್ರಾಜೋಲಾಮ್, ಹಳೇ ಚೀಟಿಗೆ ದಯವಿಟ್ಟು ಕೊಡಬ್ಯಾಡ್ರಿ. ಎಸಿಟಲೋಪ್ರಾಮ್ ಎರಡು ಮೂರು ವಾರಕ್ಕ ನಿಧಾನ ಕೆಲಸ ಮಾಡ್ತದ, ಇನ್ನೊಂದು ಬೇಕು ಇನ್ನೊಂದು ಬೇಕು ಅಂತ ಆಸೆ ಹುಟ್ಟಿಸಲ್ಲ. ಜನ ಎರಡನ್ನೂ ಒಂದೇ ಅಂದ್ಕೊಂಡು ಹೆದರ್ತಾರ. ರಾತ್ರಿ ಯಾರಿಗಾದ್ರೂ ಬಾಳ ಕಷ್ಟ ಅನ್ನಿಸಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಮಾಡ್ರಿ, ಕನ್ನಡದಾಗೇ ಮಾತಾಡ್ತಾರ, ಫ್ರೀ.

ಪ್ರಶ್ನೆ ಕೇಳಿದವರು:
ಮಾವಗ ಇದನ್ನೇ ಕಳಿಸೀನಿ ಮೇಡಂ. ಅವ್ವ ಗುಳಿಗಿ ಶೀಟು ದೇವರ ಜಗಲಿ ಮ್ಯಾಲೆ ಇಟ್ಟಾಳ, ನೋಡಿದ್ರ ಮೂರೇ ಉಳಿದಾವ. ನಾಳೆ ಸಂತಿಗೆ ಹೋದಾಗ ತರ್ತೀನಿ.