ಆರ್ಗ್‌ಪಾರ್ಸ್: ಹೆಲ್ಪ್ ಕೊಟ್ಟರೆ ವ್ಯಾಲ್ಯೂ ಎರರ್, ಓದಿದವರಿಗೂ ಅರ್ಥವಾಗುತ್ತಿಲ್ಲ

ಪ್ರಶ್ನೆ (ತೀರ್ಥಹಳ್ಳಿಯಿಂದ)

ನಮಸ್ಕಾರ. ಪರಿಚಯದವರ ಅಡಿಕೆ ಮಂಡಿಗೆ ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಮ್ ಬರೆದಿದ್ದೇನೆ. ತೂಕದ ಸಿಎಸ್‌ವಿ ಫೈಲ್ ಕೊಟ್ಟರೆ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯ ವಿಧಗಳನ್ನು ಬೇರೆ ಮಾಡಿ ಮೊತ್ತ ಕೊಡುತ್ತದೆ. ಕಮಾಂಡ್ ಜೊತೆ ಟೈಪ್ ಮಾಡುವ ಆಪ್ಷನ್‌ಗಳನ್ನು ಓದಲು, ಅವುಗಳ ಹೆಲ್ಪ್ ತೋರಿಸಲು ಪೈಥಾನ್‌ನ ಆರ್ಗ್‌ಪಾರ್ಸ್ ಲೈಬ್ರರಿ ಬಳಸಿದ್ದೇನೆ. ತೇವಾಂಶದ ಆಪ್ಷನ್ ಸೇರಿಸಿದ ಮೇಲೆ ಹೆಲ್ಪ್ ಕೇಳಿದರೆ ವ್ಯಾಲ್ಯೂ ಎರರ್ ಬರುತ್ತಿದೆ. ಅದಕ್ಕೂ ಮೊದಲಿನಿಂದ ಇನ್ನೊಂದು ತಲೆನೋವು: ಗುಮಾಸ್ತರು ಹೆಲ್ಪ್ ಓದಿ ಮತ್ತೆ ನನಗೇ ಫೋನ್ ಮಾಡುತ್ತಾರೆ. ಸಾಲುಗಳು ಹೀಗಿವೆ:

--ರೇಟ್ ರೇಟ್ : ರೇಟ್ ಕೊಡಿ
--ತಳಿ ತಳಿ : ಅಡಿಕೆ ತಳಿ
--ತೇವ ತೇವ : ತೇವಾಂಶ 10% ಗಿಂತ ಜಾಸ್ತಿ ಇದ್ದಾಗ

ಉತ್ತರ (ಸಾಗರದಿಂದ)

ಎರರ್‌ಗೆ ಕಾರಣ ಆ % ಗುರುತು. ಡಿಫಾಲ್ಟ್ ಮೌಲ್ಯವನ್ನು (ಆಪ್ಷನ್ ಕೊಡದಿದ್ದಾಗ ಬಳಸುವುದನ್ನು) ಹೆಲ್ಪ್ ಸಾಲಿನೊಳಗೆ ತುಂಬಲು ಆರ್ಗ್‌ಪಾರ್ಸ್ ಅದನ್ನೇ ಬಳಸುತ್ತದೆ. 10%% ಅಂತ ಎರಡು ಸಲ ಬರೆಯಿರಿ, ತೆರೆಯ ಮೇಲೆ ಒಂದೇ ಕಾಣುತ್ತದೆ.

ಇನ್ನು ಫೋನಿನ ವಿಷಯ. ‘ರೇಟ್ ಕೊಡಿ’ ಅಂದರೆ ಕೆಜಿಗಾ, ಕ್ವಿಂಟಾಲಿಗಾ ಮಾರಾಯ್ರೇ? ಶಿವಮೊಗ್ಗ ಮಾರುಕಟ್ಟೆಯ ಧಾರಣೆ ಕ್ವಿಂಟಾಲ್ ಲೆಕ್ಕ, ನಿಮ್ಮ ಫೈಲ್ ಬಹುಶಃ ಕೆಜಿ ಲೆಕ್ಕ. ತಪ್ಪಿದರೆ ಬೆಳೆಗಾರರ ಬಿಲ್ಲಿನಲ್ಲಿ 100 ಪಟ್ಟು ವ್ಯತ್ಯಾಸ. ಆಪ್ಷನ್ ಹೆಸರನ್ನೇ ಇನ್ನೊಮ್ಮೆ ಹೇಳಿದರೆ ಓದುವವರಿಗೆ ಏನೂ ಸಿಗುವುದಿಲ್ಲ. ಏನು ಟೈಪ್ ಮಾಡಬೇಕು, ಯಾವ ಅಳತೆಯಲ್ಲಿ, ಕೊಡದೆ ಬಿಟ್ಟರೆ ಏನಾಗುತ್ತದೆ, ಇಷ್ಟು ಅವರಿಗೆ ಬೇಕು. ನಾನಾದರೆ ಹೀಗೆ ಬರೆಯುತ್ತೇನೆ:

--ರೇಟ್ ರೂಪಾಯಿ : ಒಂದು ಕ್ವಿಂಟಾಲಿನ ಬೆಲೆ. ನಡುವೆ ಕಾಮಾ ಬೇಡ, ಉದಾ: 48000. ಕೊಡದಿದ್ದರೆ ತೂಕ ಮಾತ್ರ ತೋರಿಸುತ್ತದೆ.

ಕಾಮಾ ಮಾತು ಸುಮ್ನೆ ಹೇಳಿದ್ದಲ್ಲ. 48,000 ಅಂತ ಕೊಟ್ಟರೆ ಟೈಪ್ ಮಾಡಿದ್ದನ್ನು ಸಂಖ್ಯೆಯಾಗಿಸುವ ಪೈಥಾನ್‌ನ ಫ್ಲೋಟ್ ಒಪ್ಪುವುದಿಲ್ಲ. ಆಪ್ಷನ್ ಪಕ್ಕದ ‘ರೂಪಾಯಿ’ ಬರುವುದು ಆರ್ಗ್‌ಪಾರ್ಸ್‌ನ ಮೆಟಾವಾರ್ ಅನ್ನುವ ಸೆಟ್ಟಿಂಗ್‌ನಿಂದ. ಅದನ್ನು ಕೊಡದಿದ್ದರೆ ಆಪ್ಷನ್ ಹೆಸರೇ ಮತ್ತೆ ಬಂದು ಕೂರುತ್ತದೆ, ನಿಮ್ಮಲ್ಲಿ ಆಗಿರುವುದು ಅದೇ.

ತಳಿಗೆ ಚಾಯ್ಸಸ್, ಅಂದರೆ ಒಪ್ಪುವ ಹೆಸರುಗಳ ಪಟ್ಟಿ ಕೊಡಿ. ನಾಲ್ಕೂ ಹೆಸರು ಹೆಲ್ಪ್‌ನಲ್ಲಿ ಕಾಣುತ್ತವೆ, ತಪ್ಪು ಟೈಪ್ ಮಾಡಿದರೆ ಯಾವುದು ಸರಿ ಅಂತ ಅದೇ ಹೇಳುತ್ತದೆ. ಇನ್ನು ತೇವದ ಸಾಲು ಅರ್ಧಕ್ಕೇ ನಿಂತಿದೆ. ಜಾಸ್ತಿ ಇದ್ದಾಗ ಚೀಲವನ್ನೇ ಲೆಕ್ಕದಿಂದ ತೆಗೆಯುತ್ತದಾ, ತೂಕದಲ್ಲಿ ಮುರಿದುಕೊಳ್ಳುತ್ತದಾ? ದುಡ್ಡಿನ ವಿಷಯ, ಬಿಡಿಸಿ ಬರೆಯಲೇಬೇಕು.

ಪ್ರಶ್ನೆ ಕೇಳಿದವರು

ಎರರ್ ಹೋಯಿತು, ತುಂಬಾ ಥ್ಯಾಂಕ್ಸ್. ತೇವ ಜಾಸ್ತಿ ಇದ್ದರೆ ಚೀಲವನ್ನು ಮೊತ್ತಕ್ಕೆ ಸೇರಿಸದೆ ಕೊನೆಯಲ್ಲಿ ಬೇರೆ ಪಟ್ಟಿ ಕೊಡುತ್ತದೆ, ಹಾಗೇ ಬರೆದೆ. ಆದರೆ ಮೆಟಾವಾರ್ ಕನ್ನಡದಲ್ಲಿ ಹಾಕಿದ ಮೇಲೆ ವಿವರಣೆಯ ಸಾಲುಗಳು ಹಿಂದೆ ಮುಂದೆ ಆಗಿವೆ.

ಉತ್ತರ (ಹೊಸನಗರದಿಂದ)

ಆರ್ಗ್‌ಪಾರ್ಸ್ ಅಗಲವನ್ನು ಲೆನ್‌ನಿಂದ, ಅಂದರೆ ಯೂನಿಕೋಡ್ ಗುರುತುಗಳನ್ನು ಎಣಿಸಿ ಅಳೆಯುತ್ತದೆ. ‘ರೂ’ ಅದಕ್ಕೆ ಎರಡು, ರ ಮತ್ತು ದೀರ್ಘದ ಗುರುತು. ಟರ್ಮಿನಲ್ ಎರಡನ್ನೂ ಒಂದೇ ಮನೆಯಲ್ಲಿ ಬರೆದರೆ ಲೆಕ್ಕ ತಪ್ಪುತ್ತದೆ. ಹೆಲ್ಪ್ ಜೋಡಿಸುವ ಫಾರ್ಮ್ಯಾಟರ್‌ಗೆ ಮ್ಯಾಕ್ಸ್ ಹೆಲ್ಪ್ ಪೊಸಿಷನ್ 8 ಕೊಡಿ, ಅದರ ಡಿಫಾಲ್ಟ್ 24. ಆಗ ವಿವರಣೆ ಆಪ್ಷನ್ ಪಕ್ಕದಲ್ಲಿ ಬರದೆ ಕೆಳಗಿನ ಸಾಲಿನಲ್ಲಿ ಶುರುವಾಗುತ್ತದೆ, ಜೋಡಣೆಯ ಗೋಜೇ ಇಲ್ಲ.

ಇನ್ನೊಂದು, ಮಂಡಿಯಲ್ಲಿ ದಿನಾ ಕೊಡುವ ಕಮಾಂಡ್ ಒಂದನ್ನು ಇಡಿಯಾಗಿ ಎಪಿಲಾಗ್‌ನಲ್ಲಿ (ಹೆಲ್ಪ್‌ನ ಕೊನೆಗೆ ಬರುವ ಭಾಗ) ಹಾಕಿ. ಗುಮಾಸ್ತರು ಮೊದಲು ನೋಡುವುದೇ ಅದನ್ನು, ಫೈಲ್ ಹೆಸರು ಬದಲಿಸಿ ಓಡಿಸುತ್ತಾರೆ. ರಾ ಡಿಸ್ಕ್ರಿಪ್ಷನ್ ಹೆಲ್ಪ್ ಫಾರ್ಮ್ಯಾಟರ್ ಬಳಸಿ, ಇಲ್ಲದಿದ್ದರೆ ಸಾಲುಗಳನ್ನೆಲ್ಲ ಒಂದಕ್ಕೊಂದು ಸೇರಿಸಿಬಿಡುತ್ತದೆ. ಪೊಸಿಷನ್ 8 ಅದಕ್ಕೂ ಕೊಡಬಹುದು.