ಮನೋವಿಜ್ಞಾನದ ಸಂಶೋಧನಾ ವರದಿ: ಪೀಠಿಕೆ ಬರೀ ಪಟ್ಟಿಯಾಗುತ್ತಿದೆ, ಏನು ಮಾಡಲಿ?

ಪದವಿಹಾದಿ:
ಎಂ.ಎ. ವರದಿಯನ್ನು ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಶೈಲಿಯ ಏಳನೇ ಆವೃತ್ತಿಯಂತೆ ಬರೆಯುತ್ತಿದ್ದೇನೆ. ವಿಷಯ, ನಿದ್ದೆಗೆಟ್ಟಾಗ ಪದಗಳ ನೆನಪು. ಪೀಠಿಕೆಯಲ್ಲಿ 18 ಅಧ್ಯಯನಗಳಿವೆ, ಪ್ರತಿ ಪ್ಯಾರಾ ‘ಇಂಥವರು ಇಂಥ ವರ್ಷ ಹೀಗೆ ಕಂಡುಕೊಂಡರು’ ಎಂದೇ ಶುರು. ‘ಇದು ಪಟ್ಟಿ, ವಾದವಲ್ಲ’ ಎಂದು ಗೈಡ್ ವಾಪಸ್ ಕೊಟ್ಟಿದ್ದಾರೆ. ಫಲಿತಾಂಶದ ವಾಕ್ಯವನ್ನೂ ನೋಡಿ: ‘ನಿದ್ದೆಗೆಟ್ಟ ಗುಂಪಿನ ನೆನಪು ಕಡಿಮೆ ಎಂದು ಸಾಬೀತಾಯಿತು (ಪಿ < 0.05).’

ಅಂಚುಟಿಪ್ಪಣಿ:
ಪ್ಯಾರಾದ ಮೊದಲ ವಾಕ್ಯದ ಕರ್ತೃ ಸಂಶೋಧಕರಾದರೆ ಅದು ಪಟ್ಟಿಯಾಗಿಯೇ ತೀರುತ್ತದೆ. ಕರ್ತೃ ವಿಷಯವಾಗಬೇಕು, ಹೆಸರು-ವರ್ಷ ಆವರಣಕ್ಕೆ ಹೋಗಬೇಕು.

ಮೊದಲು ಒಂದು ಹಾಳೆಯಲ್ಲಿ ಐದು ಕಾಲಂ ಹಾಕಿ: ಭಾಗವಹಿಸಿದವರು ಯಾರು, ನಿದ್ದೆ ಎಷ್ಟು ಗಂಟೆ ಕಡಿತ, ನೆನಪನ್ನು ಅಳೆದ ರೀತಿ, ಫಲಿತಾಂಶ, ಕೊರತೆ. 18 ಅಧ್ಯಯನ, 18 ಸಾಲು. ಈಗ ಅಡ್ಡಡ್ಡ ಓದಬೇಡಿ, ಮೇಲಿಂದ ಕೆಳಗೆ ಓದಿ. ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗದ ಕಡೆ ಅಳೆದ ರೀತಿಯ ಕಾಲಂ ನೋಡಿ. ‘ಪದವನ್ನು ಗುರುತಿಸಲು ಹೇಳಿದಾಗ ವ್ಯತ್ಯಾಸ ಸಣ್ಣದು, ಸುಳಿವಿಲ್ಲದೆ ನೆನಪಿಸಿಕೊಳ್ಳಲು ಹೇಳಿದಾಗ ದೊಡ್ಡದು’ ಎಂಬಂಥದ್ದು ಕಂಡರೆ ಅದೇ ಪ್ಯಾರಾದ ಮೊದಲ ವಾಕ್ಯ. ಅದನ್ನು ಹೊರುವ ನಾಲ್ಕೈದು ಅಧ್ಯಯನಗಳು ಒಟ್ಟಿಗೆ ಅಲ್ಲಿ ಬರುತ್ತವೆ. ಯಾವ ವಾಕ್ಯಕ್ಕೂ ಬೇಡವಾದವನ್ನು ಕೈಬಿಡಿ. ಓದಿದ್ದೆಲ್ಲ ತೋರಿಸಲೇಬೇಕೆಂಬ ಆಸೆಯೇ ಅರ್ಧ ಪೀಠಿಕೆಗಳನ್ನು ಕೆಡಿಸುವುದು.

ಕೊನೆಗೆ ಪ್ಯಾರಾಗಳ ಮೊದಲ ವಾಕ್ಯಗಳನ್ನಷ್ಟೇ ಸಾಲಾಗಿ ಓದಿ. ನಿಮ್ಮ ಪ್ರಾಕ್ಕಲ್ಪನೆಗೆ (ಅಧ್ಯಯನಕ್ಕೆ ಮೊದಲೇ ಊಹಿಸಿದ ಫಲಿತಾಂಶಕ್ಕೆ) ಬಂದು ಮುಟ್ಟದಿದ್ದರೆ ಎಲ್ಲೋ ಕೊಂಡಿ ತಪ್ಪಿದೆ.

ಅಂಕಿಸಂಕಿ:
‘ಸಾಬೀತಾಯಿತು’ ತೆಗೆಯಿರಿ. ಶೂನ್ಯ ಪ್ರಾಕ್ಕಲ್ಪನೆಯ, ಅಂದರೆ ‘ವ್ಯತ್ಯಾಸವಿಲ್ಲ’ ಎಂಬ ಊಹೆಯ, ಪರೀಕ್ಷೆ ಏನನ್ನೂ ಸಾಬೀತು ಮಾಡುವುದಿಲ್ಲ. ಪಿ ಬೆಲೆಯನ್ನು (ನಿಜಕ್ಕೂ ವ್ಯತ್ಯಾಸವೇ ಇಲ್ಲದಿದ್ದರೆ ಇಷ್ಟು ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಕಾಣುವ ಸಂಭವನೀಯತೆ) ಇದ್ದಂತೆಯೇ ಬರೆಯಿರಿ, ‘<’ ಚಿಹ್ನೆ ಅದು .001ಕ್ಕಿಂತ ಕಡಿಮೆಯಾದಾಗ ಮಾತ್ರ. ಪಿ ಒಂದನ್ನು ಮೀರಲಾರದು, ಹಾಗಾಗಿ ಬಿಂದುವಿನ ಹಿಂದೆ ಸೊನ್ನೆ ಬೇಡ. ಡಿ (ವ್ಯತ್ಯಾಸದ ಗಾತ್ರದ ಅಳತೆ) ಮೀರಬಲ್ಲದು, ಅದಕ್ಕೆ ಬೇಕು. ಮಾದರಿಗೆ, ಅಂಕಿಗಳು ಕಾಲ್ಪನಿಕ:

‘ನಿದ್ದೆಗೆಟ್ಟ ಗುಂಪು (ಸರಾಸರಿ 11.2, ಮಾನಕ ವಿಚಲನೆ 3.1) ನಿದ್ರಿಸಿದ ಗುಂಪಿಗಿಂತ (13.1, 3.0) ಕಡಿಮೆ ಪದಗಳನ್ನು ನೆನಪಿಸಿಕೊಂಡಿತು, ಟಿ(58) = 2.41, ಪಿ = .019, ಡಿ = 0.62, 95% ವಿಶ್ವಾಸಾಂತರ [0.10, 1.14].’

ಟಿ ಪಕ್ಕದ ಆವರಣದ 58 ನೋಡಿ: ಎರಡು ಗುಂಪಿನ 30+30 ಜನ, ಅದರಲ್ಲಿ ಎರಡು ಕಳೆದರೆ ಬರುವ ಸಂಖ್ಯೆ. ವಿಧಾನದ ಭಾಗದಲ್ಲಿ 62 ಜನ ಎಂದು ಬರೆದು ಇಲ್ಲಿ 58 ಬಂದರೆ ಪರೀಕ್ಷಕರ ಪೆನ್ನು ಅಲ್ಲೇ ನಿಲ್ಲುತ್ತದೆ. 58 ಎಂದರೆ ಲೆಕ್ಕಕ್ಕೆ ಬಂದವರು 60, 62ರಲ್ಲಿ ಉಳಿದ ಇಬ್ಬರನ್ನು ಏಕೆ ಬಿಟ್ಟಿರಿ ಎಂಬುದು ವಿಧಾನದಲ್ಲಿ ಇರಬೇಕು.

ಪದವಿಹಾದಿ:
ಇಬ್ಬರಿಗೂ ಧನ್ಯವಾದ. ಇನ್ನೊಂದು ಮಾತು: ಗುರುತಿಸುವ ಪರೀಕ್ಷೆಯಲ್ಲೂ ವ್ಯತ್ಯಾಸ ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಆ ಪ್ರಾಕ್ಕಲ್ಪನೆಯನ್ನೇ ಪೀಠಿಕೆಯಿಂದ ತೆಗೆಯಬಹುದೇ?

ಅಂಚುಟಿಪ್ಪಣಿ:
ಬೇಡ. ಫಲಿತಾಂಶ ನೋಡಿದ ಮೇಲೆ ಪ್ರಾಕ್ಕಲ್ಪನೆ ತಿದ್ದಿ ಅದು ಮೊದಲೇ ಇತ್ತೆಂಬಂತೆ ತೋರಿಸುವುದಕ್ಕೆ ಮನೋವಿಜ್ಞಾನಿ ನಾರ್ಬರ್ಟ್ ಕೆರ್ 1998ರಲ್ಲೇ ‘ಹಾರ್ಕಿಂಗ್’ ಎಂದು ಹೆಸರಿಟ್ಟರು. ಗೆದ್ದದ್ದನ್ನು ಮಾತ್ರ ಉಳಿಸಿಕೊಂಡರೂ ಓದುಗರು ಮೋಸ ಹೋಗುವುದು ಅದೇ ರೀತಿ. ಎರಡನ್ನೂ ಪೀಠಿಕೆಯಲ್ಲಿ ಇಡಿ, ವ್ಯತ್ಯಾಸ ಕಾಣದ ಪರೀಕ್ಷೆಯ ಅಂಕಿಗಳನ್ನೂ ಪೂರ್ತಿ ಕೊಡಿ, ಕಾರಣದ ಚರ್ಚೆ ಕೊನೆಯ ಭಾಗಕ್ಕಿರಲಿ. ಅಲ್ಲಿಯೂ ‘ಪರಿಣಾಮವಿಲ್ಲ’ ಎನ್ನಬೇಡಿ, ‘ಈ ಮಾದರಿಯಲ್ಲಿ ವ್ಯತ್ಯಾಸ ಕಂಡುಬರಲಿಲ್ಲ’ ಎನ್ನಿ. ಅಬ್‌ಸ್ಟ್ರಾಕ್ಟ್ ಎಲ್ಲ ಮುಗಿದ ಮೇಲೆ, 250 ಪದ ಮೀರದಂತೆ. ಅದರಲ್ಲೂ ಇದಕ್ಕೊಂದು ಸಾಲು ಇರಲಿ.